ಎದುರು ಬಾಗಿಲಿನವಳು

ನಾನು ಬೆಳೆದದ್ದೇ ಹಾಸ್ಟೆಲಿನಲ್ಲಿ. ಓದಲು ಸೇರಿದವಳಾಗಿ ಅಲ್ಲ, ಅಡುಗೆಯವಳ ಮಗಳಾಗಿ. ಮಧುಗಿರಿಯ ಒಂದು ಸರ್ಕಾರಿ ಬಾಲಕಿಯರ ಹಾಸ್ಟೆಲಿನಲ್ಲಿ ಅಮ್ಮ ಆಗಲೂ ಅಡುಗೆ ಮಾಡುತ್ತಿದ್ದಳು, ಈಗಲೂ ಮಾಡುತ್ತಿದ್ದಾಳೆ. ಅಪ್ಪ ಲಾರಿ ಹತ್ತಿದರೆ ವಾರಗಟ್ಟಲೆ ಇತ್ತ ತಲೆ ಹಾಕುತ್ತಿರಲಿಲ್ಲ. ಹಾಗಾಗಿ ನಾವಿಬ್ಬರೂ ಅಡುಗೆಮನೆಯ ಹಿಂದಿನ ಕೋಣೆಯಲ್ಲೇ ಬಿಡಾರ ಹೂಡಿದ್ದೆವು. ಕಿಟಕಿ ತೆಗೆದರೆ ಕೋಟೆಬೆಟ್ಟದ ಬಂಡೆ, ಬಾಗಿಲು ತೆಗೆದರೆ ಹುಡುಗಿಯರ ಗದ್ದಲ. ಜರ್ಮನಿಗೆ ಓದಲು ಹೊರಟಾಗ ಚಳಿಗೆ ಹೆದರಿದ್ದೆ, ಭಾಷೆಗೆ ಹೆದರಿದ್ದೆ, ಹಾಸ್ಟೆಲಿಗೆ ಮಾತ್ರ ಹೆದರಿರಲಿಲ್ಲ. ಆ ವಿಷಯದಲ್ಲಿ ನನಗೆ ಯಾರು ಏನು ಹೇಳಿಕೊಡಬೇಕು ಎಂಬ ಜಂಬ ಬೇರೆ.

ನಮ್ಮ ಹಾಸ್ಟೆಲಿನ ಗಂಟೆ ಕೆಟ್ಟು ಎಷ್ಟೋ ವರ್ಷವಾಗಿತ್ತು. ಯಾರೂ ರಿಪೇರಿ ಮಾಡಿಸಲಿಲ್ಲ, ಏಕೆಂದರೆ ಅಮ್ಮನ ಗಂಟಲಿತ್ತು. ಅವಳು ಅಡುಗೆಮನೆ ಬಾಗಿಲಲ್ಲಿ ನಿಂತು "ಉಣ್ಣಕ್ ಬರ್ರಮ್ಮೋ" ಅಂದರೆ ಬಸ್ ಸ್ಟ್ಯಾಂಡಿನಲ್ಲಿ ಸಿರಾ ಬಸ್ಸಿಗೆ ಕಾಯುವವರೂ ಎದ್ದು ಬಂದಾರು ಎಂದು ವಾರ್ಡನ್ ಮೇಡಂ ತಮಾಷೆ ಮಾಡುತ್ತಿದ್ದರು. ರಾತ್ರಿ ಊಟಕ್ಕೆ ಅಮ್ಮ ತಲೆಗೊಂದರಂತೆ ರಾಗಿಮುದ್ದೆ ಕಟ್ಟುತ್ತಿದ್ದಳು. ಎಲ್ಲರೂ ಉಂಡು ಎದ್ದ ಮೇಲೆ ತಟ್ಟೆಯಲ್ಲಿ ಒಂದು ಮುದ್ದೆ ಉಳಿದರೆ ತಾನು ಉಣ್ಣಲು ಕೂರುತ್ತಿರಲಿಲ್ಲ. "ಯಾವಳ್ಲೇ ಅದು ಬರದಿದ್ದೋಳು?" ಎಂದು ಸೆರಗು ಸಿಕ್ಕಿಸಿಕೊಂಡು ಮಹಡಿ ಹತ್ತುತ್ತಿದ್ದಳು. ಹೊಟ್ಟೆನೋವೆಂದು ಮುದುರಿಕೊಂಡವಳು, ಮನೆ ನೆನಪಾಗಿ ಮುಸುಕೆಳೆದು ಅಳುತ್ತಿದ್ದವಳು, ಗೆಳತಿಯ ಜೊತೆ ಜಗಳವಾಡಿ ಊಟ ಬಿಟ್ಟವಳು, ಎಲ್ಲರೂ ಹಾಗೆಯೇ ಸಿಕ್ಕಿಬೀಳುತ್ತಿದ್ದರು. ಒಮ್ಮೆ ಜ್ವರದಲ್ಲಿ ಮೈಮೇಲೆ ಪ್ರಜ್ಞೆಯಿಲ್ಲದೆ ಬಿದ್ದಿದ್ದ ಪುರವರದ ಹುಡುಗಿಯೊಬ್ಬಳನ್ನು ಹೀಗೇ ಪತ್ತೆ ಮಾಡಿ, ಆಟೋಗೂ ಕಾಯದೆ ಹೆಗಲ ಮೇಲೆ ಹಾಕಿಕೊಂಡು ಆಸ್ಪತ್ರೆಗೆ ಓಡಿದ್ದಳು. ವಾರ್ಡನ್ ಹಾಜರಿ ಹಾಕುವುದು ಸರ್ಕಾರಕ್ಕೆ, ಅಮ್ಮನ ಮುದ್ದೆ ನಮಗೆ.

ಅಮ್ಮನ ತವರು ಪಾವಗಡ ತಾಲ್ಲೂಕಿನ ತಿರುಮಣಿ ಕಡೆ. ಈಗ ಮಾವನ ಮನೆಯ ಮಾಳಿಗೆ ಹತ್ತಿದರೆ ಕಣ್ಣು ಹಾಯುವಷ್ಟು ದೂರವೂ ಸೋಲಾರ್ ಫಲಕಗಳೇ. ಅಲ್ಲಿಯ ಬೋರಿನ ನೀರು ಕುಡಿದು ಕಂದುಗಟ್ಟಿದ ನೆಂಟರ ಹಲ್ಲು ನೋಡಿಯೇ ನಾನು ಅಂತರ್ಜಲದ ಓದು ಹಿಡಿದದ್ದು. ತುಮಕೂರಿನಲ್ಲಿ ಎಂ.ಎಸ್ಸಿ. ಮುಗಿಸಿದೆ, ವಿದ್ಯಾರ್ಥಿವೇತನ ಸಿಕ್ಕಿತು, ಸೀಟೂ ಸಿಕ್ಕಿತು. ಉಳಿದದ್ದು ಇರಲು ಜಾಗ. ವಿಶ್ವವಿದ್ಯಾಲಯದ ವಸತಿ ಕಚೇರಿಯವರು ಎರಡು ಬಗೆಯ ಕೋಣೆ ತೋರಿಸಿ, ಬೇಗ ಆರಿಸಿಕೊಳ್ಳಿ ಎಂದು ಇಮೇಲ್ ಕಳಿಸಿದರು. ಒಂದರಲ್ಲಿ ಆರು ಜನಕ್ಕೆ ಒಂದೇ ಅಡುಗೆಮನೆ, ಒಂದೇ ಬಚ್ಚಲು. ಹುಡುಗ ಹುಡುಗಿ ಎಂಬ ಭೇದವಿಲ್ಲ. ಇನ್ನೊಂದರಲ್ಲಿ ಬಚ್ಚಲು, ಒಲೆ ಎಲ್ಲವೂ ಕೋಣೆಯೊಳಗೇ, ಮಹಡಿಗೆ ಎರಡೇ ಕೋಣೆ.

ಮೊದಲನೆಯದನ್ನು ಅಮ್ಮ ಪೂರ್ತಿ ಕೇಳಲೂ ಇಲ್ಲ. "ಗಂಡುಡ್ರ ಜೊತೆ ಒಂದೇ ಬಚ್ಚಲಾ? ಬ್ಯಾಡ." ಎರಡನೆಯದಕ್ಕೂ ಮುಖ ಸಿಂಡರಿಸಿದಳು. "ಒಬ್ಬಳೇ ಇರಾ ರೂಮಾ? ಅದೂ ಬ್ಯಾಡ." ಅಮ್ಮನಿಗೆ ಸಿಟ್ಟು ಬಂದರೆ ತವರಿನ ತೆಲುಗು ನಾಲಿಗೆಗೆ ಬರುತ್ತದೆ. ಅಂದು ಸುಮಾರು ತೆಲುಗು ಬಂತು. ಕೊನೆಗೆ ನಾನು ಮೊಬೈಲಿನಲ್ಲಿ ಆ ಮಹಡಿಯ ನಕ್ಷೆ ತೆಗೆದು ತೋರಿಸಿದೆ. ಅವಳು ಹಿಟ್ಟು ಮೆತ್ತಿದ ಬೆರಳಲ್ಲೇ ಪರದೆ ಮುಟ್ಟಿ, "ಇದ್ಯಾರ್ ಬಾಗ್ಲು?" ಅಂದಳು.

"ಎದುರು ರೂಮಿನವರ್ದು."

"ಹೆಣ್ಣುಡ್ಗಿನಾ?"

"ಆ ಮಹಡಿ ಹುಡುಗೀರಿಗೇ ಅಂತೆ."

"ಅಂಗಾರೆ ಸರಿ. ಎದುರಿಗೆ ಒಂದು ಬಾಗ್ಲು ಐತಲ್ಲ, ಸಾಕು. ಒಂದಿನ ನೀನು ಈಚೆಗೆ ಬರ್ನಿಲ್ಲ ಅಂದ್ರೆ ಅವ್ಳಿಗಾದ್ರೂ ಗೊತ್ತಾಯ್ತದೆ."

ಹೀಗೆ ಒಂದು ಬಾಗಿಲಿನ ಭರವಸೆಯ ಮೇಲೆ ಅಮ್ಮ ನನ್ನನ್ನು ಕಳಿಸಿಕೊಟ್ಟಳು.

ಹೋಗಿ ನೋಡಿದರೆ ಬಾಗಿಲೇನೋ ಇತ್ತು, ನನ್ನ ಬಾಗಿಲಿಗೆ ಸರಿಯಾಗಿ ಎದುರಿಗೆ, ಬೂದು ಬಣ್ಣದ್ದು. ಅದು ತೆರೆದದ್ದನ್ನು ಮಾತ್ರ ಕಾಣಲಿಲ್ಲ. ಗಂಟೆಯ ಪಕ್ಕದ ಚೀಟಿಯಲ್ಲಿದ್ದ ಹೆಸರು ನನ್ನ ನಾಲಿಗೆಗೆ ಹೊರಳುವಂಥದ್ದಲ್ಲ. ಯಾವ ದೇಶದವಳೋ ಏನೋ. ಮೊದಲ ವಾರ ಎರಡು ಸಲ ಗಂಟೆ ಒತ್ತಿದೆ, ಯಾರೂ ಬರಲಿಲ್ಲ. ಮೂರನೆಯ ಸಲ ಒತ್ತಲು ಮಾನ ಬಿಡಲಿಲ್ಲ.

ಅವಳ ಕಡೆಯಿಂದ ಮೊದಲು ಬಂದದ್ದು ಒಂದು ಹಲಗೆ. ಆ ಸೀಮೆಯಲ್ಲಿ ಮೆಟ್ಟಿಲು ಗುಡಿಸುವುದು ಬಾಡಿಗೆಯವರ ಸರದಿ ಕೆಲಸ. ಯಾರ ಬಾಗಿಲಿನ ಹಿಡಿಗೆ ಆ ಪುಟ್ಟ ಮರದ ಹಲಗೆ ನೇತುಬಿದ್ದಿದೆಯೋ ಆ ವಾರ ಗುಡಿಸಿ ಒರೆಸುವ ಪಾಳಿ ಅವರದು. ಮುಗಿದ ಮೇಲೆ ಎದುರಿನವರ ಬಾಗಿಲಿಗೆ ತಗುಲಿಸಬೇಕು. ಒಂದು ಭಾನುವಾರ ಸಂಜೆ ನನ್ನ ಬಾಗಿಲಿಗೆ ಅದು ಬಂದಿತ್ತು. ನನಗೆ ಎಲ್ಲಿಲ್ಲದ ಖುಷಿ. ಗುಡಿಸುವುದೆಂದರೆ ನಮ್ಮ ಹಾಸ್ಟೆಲಿನಲ್ಲಿ ಬಕೆಟ್ಟುಗಟ್ಟಲೆ ನೀರು ಎರಚಿ, ಕಡ್ಡಿಪೊರಕೆಯಲ್ಲಿ ಮೇಲಿನಿಂದ ಕೆಳಗೆ ಬಳಿದು ಬಿಡುವುದು. ಅಲ್ಲಿ ಕಡ್ಡಿಪೊರಕೆ ಸಿಗಲಿಲ್ಲ, ನೀರು ಸಿಕ್ಕಿತು. ಧಾರಾಳವಾಗಿ ಎರಚಿದೆ. ಅದು ಮೆಟ್ಟಿಲಿಳಿದು ಕೆಳಮನೆಯವರ ಕಾಲೊರಸನ್ನೂ ಜೋಡುಗಳನ್ನೂ ತೋಯಿಸಿ, ಬಾಗಿಲ ಸಂದಿಯಲ್ಲಿ ಒಳಗೂ ಹೋಯಿತಂತೆ. ಮಾರನೆಯ ದಿನ ಕಟ್ಟಡ ನೋಡಿಕೊಳ್ಳುವಾತ ಬಂದು, ಹಿಂಡಿದ ಬಟ್ಟೆಯಲ್ಲಿ ಮೆಟ್ಟಿಲು ಒರೆಸುವುದು ಹೇಗೆಂದು ಎಳೆ ಮಗುವಿಗೆ ಕಲಿಸುವಂತೆ ಕಲಿಸಿ ಹೋದ. ನಾಚಿಕೆಯಾಯಿತು. ಅವನು ಹೋದ ಮೇಲೆ, ಒಬ್ಬ ಮನುಷ್ಯ ಇಷ್ಟು ಹೊತ್ತು ನನ್ನೊಡನೆ ಮಾತಾಡಿದನಲ್ಲ ಎಂಬ ಸಂತೋಷವೂ ಆಯಿತು. ಆ ಸಂತೋಷ ಕಂಡೇ ನನಗೆ ಭಯವಾದದ್ದು.

ಆಮೇಲೆ ಒಂದು ಭಾನುವಾರ ಅಮ್ಮನ ಜೊತೆ ಫೋನಿನಲ್ಲಿದ್ದೆ. ನಾವಿಬ್ಬರೂ ಮಾತಾಡುವುದೇ ಹಾಗೆ, ಆ ಕಡೆ ಬೆಟ್ಟದ ಮೇಲೊಬ್ಬಳು ಈ ಕಡೆ ಕೆರೆ ದಂಡೆಯಲ್ಲೊಬ್ಬಳು ನಿಂತ ಹಾಗೆ. ಬಾಗಿಲು ಟಕಟಕ ಬಡಿದ ಸದ್ದಾಯಿತು. ಓಡಿ ಹೋಗಿ ತೆಗೆಯುವಷ್ಟರಲ್ಲಿ ಎದುರು ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಹಸಿರು ಸ್ವೆಟರಿನ ಒಂದು ತೋಳು ಕಂಡಿತು, ಅಷ್ಟೇ. ಭಾನುವಾರ ಇಡೀ ದಿನ ಸದ್ದು ಮಾಡಬಾರದೆಂಬ ನಿಯಮ ಆ ಕಟ್ಟಡದಲ್ಲಿತ್ತು. ನನಗೆ ಮೈ ಹಿಡಿಯಷ್ಟಾಯಿತು. ಅಂದಿನಿಂದ ಫೋನಿನಲ್ಲಿ ಪಿಸುಮಾತು. ಕುಕ್ಕರು ಕೂಗುತ್ತದೆಂದು ಅದನ್ನು ಎತ್ತಿಟ್ಟು ತೆರೆದ ಪಾತ್ರೆಯಲ್ಲಿ ಬೇಳೆ ಬೇಯಿಸಿದೆ, ಅದು ಬೇಯುವಷ್ಟರಲ್ಲಿ ಹಸಿವೇ ಸತ್ತುಹೋಗುತ್ತಿತ್ತು. ಕೋಣೆಯೊಳಗೆ ಸಾಕ್ಸಿನಲ್ಲಿ ಓಡಾಡಿದೆ. ಸೀನು ಬಂದರೆ ದಿಂಬಿಗೆ ಮುಖ ಒತ್ತಿದೆ. ಒಬ್ಬಳೇ ಇದ್ದೂ ಕಳ್ಳಿಯ ಹಾಗೆ ಬಾಳಿದೆ.

ದೀಪಾವಳಿಗೆ ಮನಸ್ಸು ತಡೆಯಲಿಲ್ಲ. ರವೆ ಉಂಡೆ ಕಟ್ಟಿ, ಡಬ್ಬಿಗೆ ತುಂಬಿ, ಅವಳ ಬಾಗಿಲ ಮುಂದಿಟ್ಟು ಬಂದೆ. ಎರಡು ದಿನದ ಮೇಲೆ ಡಬ್ಬಿ ತೊಳೆದು ಒರೆಸಿ ಚೀಲವೊಂದರಲ್ಲಿ ನನ್ನ ಬಾಗಿಲಿಗೆ ನೇತುಬಿದ್ದಿತ್ತು. ಜೊತೆಗೆ ಥ್ಯಾಂಕ್ಸ್ ಎಂದು ಬರೆದ ಚೂರು ಕಾಗದ. ಇದನ್ನು ಅಮ್ಮನಿಗೆ ಹೇಳಿದ್ದೇ ತಡ, ಅವಳು ಆ ಹುಡುಗಿಯನ್ನು ದತ್ತು ತೆಗೆದುಕೊಂಡಂತೆ ಆಡತೊಡಗಿದಳು. ಫೋನೆತ್ತಿದರೆ ನನ್ನ ಊಟಕ್ಕಿಂತ ಮೊದಲು ಅವಳ ಊಟದ ವಿಚಾರಣೆ. "ಪಾಪ, ಅವ್ಳಿಗೂ ಅಮ್ಮ ದೂರ್ದಲ್ಲವ್ಳೆ ಅಲ್ವಾ? ನೀನು ಉಣ್ಣೋವಾಗ ಒಂದ್ ಕೂಗಾಕು." ಕೂಗು ಹಾಕುವುದಂತೆ! ನಾನು ಹ್ಞೂಂ ಅನ್ನುತ್ತಿದ್ದೆ. ಅಮ್ಮ ಮನಸ್ಸಿನಲ್ಲೇ ಎಂಥ ಹುಡುಗಿಯ ಚಿತ್ರ ಕಟ್ಟಿಕೊಂಡಿದ್ದಳೆಂದರೆ ಅದನ್ನು ಕೆಡವಲು ನನಗೆ ಕೈ ಬರಲಿಲ್ಲ. ಜೊತೆಗೆ, ಅಂಥ ಹುಡುಗಿ ಎದುರು ಕೋಣೆಯಲ್ಲಿದ್ದಾಳೆಂದು ಕೇಳಿಸಿಕೊಳ್ಳುವುದು ನನಗೂ ಹಿತವಾಗಿತ್ತು. "ಯಾಕಿಷ್ಟು ಮೆತ್ತಗೆ ಮಾತಾಡ್ತೀಯ, ಮೈ ಉಷಾರಿಲ್ವಾ?" ಎಂದು ಅಮ್ಮ ಕೇಳಿದಾಗಲೆಲ್ಲ, "ಅವಳು ಮಲಗವ್ಳೆ ಕಣಮ್ಮ" ಅನ್ನುತ್ತಿದ್ದೆ.

ಕ್ರಿಸ್‌ಮಸ್ ರಜೆಗೆ ಕಟ್ಟಡ ಬಹುಪಾಲು ಖಾಲಿಯಾಯಿತು. ರಜೆ ಮುಗಿದ ಮೇಲೆ ನನ್ನ ಪಾಳಿಯ ಮೆಟ್ಟಿಲು ಒರೆಸಿ, ಹಲಗೆಯನ್ನು ಎದುರು ಬಾಗಿಲಿಗೆ ತಗುಲಿಸಿ ಬಂದೆ. ಆ ವಾರವೇ ನನಗೆ ಜ್ವರ ಹಿಡಿಯಿತು. ಎದ್ದರೆ ಕೋಣೆ ಗಿರ್ರೆಂದು ತಿರುಗುತ್ತಿತ್ತು. ಊರಿಂದ ತಂದ ರಾಗಿಹಿಟ್ಟಿನಲ್ಲಿ ಅಂಬಲಿ ಕಾಯಿಸಲು ಹೋಗಿ, ನಿಲ್ಲಲಾರದೆ, ಒಲೆ ಆರಿಸಿ ನೆಲದ ಮೇಲೇ ಮಲಗಿದೆ. ತರಗತಿಯಲ್ಲಿ ನಾನಿಲ್ಲವೆಂದು ಕೇಳುವವರು ಯಾರೂ ಇರಲಿಲ್ಲ. ಅಲ್ಲಿ ಹಾಜರಿ ಎನ್ನುವುದೇ ಇಲ್ಲ. ಭಾನುವಾರ ಅವಳು ಹಲಗೆ ತಂದು ನನ್ನ ಬಾಗಿಲಿಗೆ ತಗುಲಿಸಲೇಬೇಕು, ಆಗ ಬಾಗಿಲು ತೆಗೆದು, ನನಗೆ ಹುಷಾರಿಲ್ಲ, ಒಂದಿಷ್ಟು ಬ್ರೆಡ್ಡು ತಂದುಕೊಡು ಅನ್ನಬೇಕು. ಆ ಎರಡು ವಾಕ್ಯಗಳನ್ನು ಜರ್ಮನ್ ಭಾಷೆಯಲ್ಲಿ ಜೋಡಿಸಿ, ಮಲಗಿದಲ್ಲೇ ಬಾಯಿಪಾಠ ಮಾಡಿದೆ. ಗೋಡೆಯಾಚೆ ನಲ್ಲಿ ಬಿಟ್ಟ ಸದ್ದು ಕೇಳಿದರೆ ಇದ್ದಾಳಲ್ಲ ಎಂದು ಧೈರ್ಯ. ಭಾನುವಾರ ಬಂತು, ಕತ್ತಲಾಯಿತು, ಹಲಗೆ ಬರಲಿಲ್ಲ. ಅಷ್ಟು ದಿಕ್ಕಿಲ್ಲದವಳು ಎಂದು ನನಗೆ ಜೀವಮಾನದಲ್ಲಿ ಅನ್ನಿಸಿರಲಿಲ್ಲ. ಅತ್ತುಬಿಟ್ಟೆ, ಅದೂ ಮೆತ್ತಗೆ. ಅಮ್ಮನಿಗೆ ನೆಗಡಿ ಎಂದಷ್ಟೇ ಹೇಳಿದೆ. "ಎದುರುಗಡೆ ಉಡ್ಗಿಗೆ ಏಳಿದ್ಯಾ? ಗಂಜಿ ಕಾಸ್ಕೊಡ್ತಾಳೆ" ಅಂದಳು.

ಜ್ವರ ಬಿಟ್ಟಿತು, ಸಿಟ್ಟು ಹಿಡಿಯಿತು. ಮೆಟ್ಟಿಲ ಮೇಲೆ ಬೂಟುಗಳ ಕೆಸರು ಒಣಗಿ ಕೂತಿದ್ದರೂ ಹಲಗೆ ಅವಳ ಬಾಗಿಲಲ್ಲೇ ನೇತಾಡುತ್ತಿತ್ತು. ಸೋಮಾರಿ, ಹೃದಯವಿಲ್ಲದವಳು, ರವೆ ಉಂಡೆ ನುಂಗಿದವಳು ಎಂದು ಹೋಗುತ್ತ ಬರುತ್ತ ಆ ಬಾಗಿಲಿಗೆ ಮನಸ್ಸಿನಲ್ಲೇ ಮಂಗಳಾರತಿ ಎತ್ತಿದೆ. ಬಯ್ಯುತ್ತಲೇ ಸಾಕ್ಸಿನಲ್ಲಿ ನಡೆದೆ, ಬಯ್ಯುತ್ತಲೇ ತೆರೆದ ಪಾತ್ರೆಯಲ್ಲಿ ಬೇಳೆ ಬೇಯಿಸಿದೆ.

ಮತ್ತೊಂದು ವಾರ ಕಳೆದು ಕಟ್ಟಡ ನೋಡಿಕೊಳ್ಳುವಾತ ಬಂದ. ಮೆಟ್ಟಿಲು ಹೊಲಸಾಗಿದೆ ಎಂದು ನನ್ನ ಬಾಗಿಲು ಬಡಿದ. ನಾನು ಸೆಟೆದು ನಿಂತು, ಪಾಳಿ ನನ್ನದಲ್ಲ, ಹಲಗೆ ಯಾರ ಬಾಗಿಲಲ್ಲಿದೆ ನೋಡಿ ಎಂದು ತೋರಿಸಿದೆ. ಅವನು ನೋಡಿ, ಹುಬ್ಬು ಗಂಟಿಕ್ಕಿ, "ಅಲ್ಲಿ ಯಾರಿದ್ದಾರೆ?" ಅಂದ. ಅವಳು ರಜೆಗೆ ಮೊದಲೇ ಕೋಣೆ ಬಿಟ್ಟು ತನ್ನ ದೇಶಕ್ಕೆ ಹೊರಟುಹೋಗಿದ್ದಳು. ಓದು ಮುಗಿದಿತ್ತಂತೆ. ಚೀಟಿ ಕೀಳುವುದನ್ನು ತಾನು ಮರೆತೆ ಎಂದು ಅಲ್ಲೇ ಉಗುರಿನಲ್ಲಿ ಎಬ್ಬಿಸಿ ತೆಗೆದ. ನಲ್ಲಿಯ ಸದ್ದು ಕೇಳುತ್ತಿತ್ತಲ್ಲ ಎಂದೆ. ಅದು ಕೆಳಮನೆಯ ಕೊಳಾಯಿ, ಹಳೇ ಕಟ್ಟಡ, ಎಲ್ಲ ಸದ್ದೂ ಮೇಲಕ್ಕೆ ಬರುತ್ತದೆ ಅಂದ. ಹೊಸಬರು ಬರುವವರೆಗೆ ಹಲಗೆ ನನ್ನ ಬಾಗಿಲಲ್ಲೇ ಇರಲಿ ಎಂದು ತಂದು ತಗುಲಿಸಿ ಇಳಿದು ಹೋದ.

ಬಾಗಿಲು ಹಾಕಿಕೊಂಡು ಮಂಚದ ಮೇಲೆ ಕೂತೆ. ಯಾರೂ ಇಲ್ಲದ ಕೋಣೆಗೆ ಹೆದರಿ ಇಷ್ಟು ದಿನ ಉಸಿರು ಬಿಗಿಹಿಡಿದಿದ್ದೆನಲ್ಲ ಎಂದು ನಗು ಬಂತು, ಅರ್ಧಕ್ಕೇ ನಿಂತುಹೋಯಿತು. ನಾನು ನೆಲದ ಮೇಲೆ ಬಿದ್ದಿದ್ದಾಗ ಆ ಮಹಡಿಯಲ್ಲಿ ನನ್ನನ್ನು ಬಿಟ್ಟರೆ ಒಂದು ನರಪಿಳ್ಳೆಯೂ ಇರಲಿಲ್ಲ.

ಅಷ್ಟರಲ್ಲಿ ಅಮ್ಮನ ಫೋನು ಬಂತು. ಅಡುಗೆಮನೆಯಲ್ಲಿದ್ದಳು, ಪಾತ್ರೆಗಳ ಸದ್ದು ಕೇಳುತ್ತಿತ್ತು. "ಉಂಡ್ಯಾ? ಆ ಉಡ್ಗಿ ಉಂಡ್ಲಾ?"

"ಅಮ್ಮ, ಎದುರು ರೂಮಲ್ಲಿ ಯಾರೂ ಇಲ್ಲ. ಅವ್ಳು ಯಾವಾಗ್ಲೋ ಖಾಲಿ ಮಾಡ್ಕಂಡು ಹೋಗ್ಬುಟ್ಟವ್ಳೆ."

"ಏನಂದೆ? ಖಾಲಿ ಅಂದ್ಯಾ?"

"ಹ್ಞೂಂ. ಹಬ್ಬದ ರಜೆಗೆ ಮುಂಚೇನೇ."

ವಾಪಸ್ ಬಂದ್ಬುಡು ಅನ್ನುತ್ತಾಳೆ, ಅಂದರೆ ಏನು ಹೇಳಲಿ ಎಂದು ನಾನು ಲೆಕ್ಕ ಹಾಕುತ್ತಿದ್ದೆ. "ಅಂಗಾರೆ ನೆಗಡಿ ಬಂದಾಗ ನಿನ್ನ ಯಾರು ನೋಡ್ಕಂಡ್ರು?" ಅಂದಳು. ನಾನು ಏನೋ ಗೊಣಗಿದೆ.

"ಅಲ್ವೇ, ಅತ್ಲಾಗೆ ಯಾರೂ ಇಲ್ಲ ಅಂತೀಯ, ಇನ್ನೂ ಯಾಕೆ ಪಿಸಪಿಸ ಅಂತೀಯ? ನಂಗೆ ಒಂದೂ ಕೇಳಿಸ್ತಿಲ್ಲ. ಗಟ್ಟಿಗಾ ಚೆಪ್ಪವೇ!" ಗಟ್ಟಿಯಾಗಿ ಹೇಳೇ ಎಂದು ತೆಲುಗಿಗೇ ಇಳಿದಿದ್ದಳು.

ಆಗಲೇ ಗೊತ್ತಾದದ್ದು, ನಾನು ಇನ್ನೂ ಫೋನಿಗೆ ಅಂಗೈ ಅಡ್ಡ ಹಿಡಿದೇ ಮಾತಾಡುತ್ತಿದ್ದೆ. ಕೈ ತೆಗೆದೆ. ಎದ್ದು ನಿಂತೆ. ಗಂಟಲು ತೆರೆಯಲು ಹೋದರೆ ಮೊದಲು ಗಾಳಿಯಷ್ಟೇ ಬಂತು. ಆಮೇಲೆ ಬಂತು ನೋಡಿ, ಮಹಡಿ ತುಂಬಾ.

"ನಂಗೆ ಇಲ್ಲಿ ಯಾರೂ ಇಲ್ಲ ಕಣಮ್ಮ! ಜ್ವರ ಬಂದು ನೆಲದ್ ಮ್ಯಾಲೆ ಬಿದ್ದಿದ್ದೆ. ಯಾರೂ ಬರ್ನಿಲ್ಲ!"

ಮಾತು ಖಾಲಿ ಮೆಟ್ಟಿಲುಗಳ ಕಡೆಗೆ ಹೋಗಿ ಹಿಂದಕ್ಕೆ ಬಂತು. ಯಾವ ಬಾಗಿಲೂ ತೆರೆಯಲಿಲ್ಲ, ಬೈಯಲೂ ಯಾರೂ ಬರಲಿಲ್ಲ. ಆ ಕಡೆ ಪಾತ್ರೆಗಳ ಸದ್ದು ನಿಂತಿತು.

"ಈಗ ಕೇಳಿಸ್ತು ಕಣಮ್ಮ" ಅಂದಳು ಅಮ್ಮ, ನನಗೇ ಸರಿಯಾಗಿ ಕೇಳಿಸದಷ್ಟು ಮೆತ್ತಗೆ.