ಲಂಡನ್ ಗೌರೀಶಂಕರ

ಜಯನಗರ ನಾಲ್ಕನೇ ಬ್ಲಾಕಿನವರ ಬಾಯಲ್ಲಿ ಅವನು ಆಗಲೇ ಲಂಡನ್ ಗೌರೀಶಂಕರ. ವಿಮಾನ ಹತ್ತುವುದೊಂದೇ ಬಾಕಿ. ಅಲ್ಲಿ ನರ್ಸಾಗಿರುವ ಹೆಂಡತಿ ಜಯಶೀಲಾ ಅವನನ್ನು ಕರೆಸಿಕೊಳ್ಳಲು ತಾನೇ ಜಾಮೀನು ನಿಂತಿದ್ದಾಳೆ. ಗಂಡಂದಿರು ಹೆಂಡಿರನ್ನು ಕರೆಸಿಕೊಂಡದ್ದನ್ನು ಕಂಡಿದ್ದ ಬೀದಿಗೆ ಇದು ಹೊಸದು. ಅವನಿಗೋ ನಾಚಿಕೆಯೇ ಇಲ್ಲ. "ನಮ್ಮನೆಯವಳೇ ನನ್ನ ಸ್ಪಾನ್ಸರ್ರು, ಸಾರ್" ಎಂದು ದಿನಸಿ ಅಂಗಡಿಯವನಿಗೂ ಹೇಳುತ್ತಾನೆ. ಮೈಗೆ ಒಗ್ಗಲೆಂದು ಏಪ್ರಿಲ್ ಬಿಸಿಲಲ್ಲೂ ಉಣ್ಣೆ ಕೋಟು ತೊಟ್ಟು ಸೊಪ್ಪು ತರುತ್ತಾನೆ. ಎಲ್ಲ ಮನೆಗಳಲ್ಲೂ ಅವನಿಗೆ ಬೀಳ್ಕೊಡುಗೆಯ ಹೋಳಿಗೆ ಊಟವಾಗಿದೆ. ಪ್ರಯಾಣ ಮುಂದಕ್ಕೆ ಹೋದಾಗಲೆಲ್ಲ ಮತ್ತೆ ಕರೆಯುತ್ತಾರೆ, ಅವನೂ ಮತ್ತೆ ಉಂಡು, ಮತ್ತೆ ಹಿರಿಯರ ಕಾಲಿಗೆ ಬೀಳುತ್ತಾನೆ. ಉಂಡೆದ್ದವನು ನೇರ ಅಡುಗೆಮನೆಗೆ ನುಗ್ಗಿ, "ಅಕ್ಕ, ಸಾರಿನ ಪುಡಿ ಬೇಳೆ ಬೆಂದ್ಮೇಲೆ ಹಾಕೋದಾ, ಮೊದ್ಲೇನಾ?" ಎಂದು ವಿಚಾರಿಸುತ್ತಾನೆ. ಎದುರುಮನೆಯ ಶಾಂತಾದೇವಿ ಒಮ್ಮೆ ನಕ್ಕು, "ಅಲ್ಲಪ್ಪ, ಅಲ್ಲಿಗೆ ಹೋಗಿ ಏನ್ ಕೆಲ್ಸ ಮಾಡ್ತೀಯ, ಅಡುಗೇನಾ?" ಎಂದು ಕೇಳಿದರು. ಅವನು ಕೋಟಿನ ತೋಳು ಮಡಚುತ್ತಾ ಹೇಳಿದ: "ಕೆಲ್ಸ ಹುಡುಕ್ತೀನಿ ಅಕ್ಕ. ಆದ್ರೆ ಅವಳು ನೈಟ್ ಡ್ಯೂಟಿ ಮುಗಿಸ್ಕೊಂಡು ಬಂದು, ದಿನಾ ತಾನೇ ಬೀಗ ತೆಗ್ದು ಖಾಲಿ ಮನೆ ಒಳಗೆ ಹೋಗ್ತಾಳೆ. ಬಾಗ್ಲು ತೆಗೆಯೋಕೆ ಒಬ್ಬ ಬೇಕಲ್ವಾ."