ಬೇಸಿಗೆಯಲ್ಲಿ ಕೇಳಿದ ಪ್ರಶ್ನೆ

ಈಗಲೂ ತರಗತಿಯಲ್ಲಿ ಯಾರಾದರೂ ಬೆಂಚು ಎಳೆದರೆ ನನ್ನ ಕೈಯ ಸೀಮೆಸುಣ್ಣ ಬೋರ್ಡಿನ ಮೇಲೆ ನಿಂತುಬಿಡುತ್ತದೆ. ಅಂದು ಬಂಡೆಯ ಹಿಂದಿನಿಂದ ಬಂದ ಸದ್ದು ಅಂಥದ್ದೇ ಇತ್ತು. ಭಾರದ್ದೇನನ್ನೋ ಕಲ್ಲಿನ ಮೇಲೆ ಎಳೆದ ಹಾಗೆ. ಆಮೇಲೆ ಉಸಿರು. ಆಮೇಲೆ ನೋಡಿದರೆ ನನ್ನ ಮುಂದೆ ನಡೆಯುತ್ತಿದ್ದ ಸರ್ ನೆಲದ ಮೇಲಿದ್ದರು, ಅವರ ಮೇಲೆ ಕರಡಿ ಇತ್ತು.

ಸರ್ ಗಂಗಾವತಿಯ ನಮ್ಮ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ವಿಭಾಗದ ಮುಖ್ಯಸ್ಥರು. ನನ್ನ ಪಿಎಚ್.ಡಿ.ಗೂ ಅವರೇ ಮಾರ್ಗದರ್ಶಕರು. ಕೊಪ್ಪಳ ಸೀಮೆಯ ಕಲ್ಲುಗುಡ್ಡಗಳ ಕರಡಿ ಹಗಲಲ್ಲಿ ಗವಿ ಬಿಟ್ಟು ಬರುವುದು ತೀರ ಅಪರೂಪ ಎಂದು ಅವರು ಹಿಂದೊಮ್ಮೆ ಒಂದು ಸಂಶೋಧನಾ ಲೇಖನ ಬರೆದಿದ್ದರು. ಅಚ್ಚಿಗೆ ಹೋಗುವ ಮುಂಚೆ ಇಬ್ಬರು ತಜ್ಞರು ಅದನ್ನು ಓದಿ ಒಪ್ಪಿದ್ದರು. ಅದನ್ನು ಎಲ್ಲೆಲ್ಲಿಯವರೋ ತಮ್ಮ ಲೇಖನಗಳಲ್ಲಿ ಉಲ್ಲೇಖಿಸಿದರು, ಹಾಗೆ ಉಲ್ಲೇಖಿಸಿದವರನ್ನು ಮತ್ತೊಬ್ಬರು ಉಲ್ಲೇಖಿಸಿದರು. ಕೈಯಿಂದ ಕೈಗೆ ದಾಟುವಾಗ 'ಅಪರೂಪ' ಎಂಬ ಮಾತು ಎಲ್ಲೋ ಬಿದ್ದುಹೋಗಿ 'ಬರುವುದಿಲ್ಲ' ಎಂದಷ್ಟೇ ಉಳಿಯಿತು. ಕಾಲೇಜಿನ ಗುಣಮಟ್ಟ ನೋಡಲು ಸಮಿತಿ ಬಂದಾಗಲೆಲ್ಲ ಪ್ರಾಂಶುಪಾಲರು ಪರದೆಯ ಮೇಲೆ ಮೊದಲು ತೋರಿಸುತ್ತಿದ್ದುದು ಆ ಲೇಖನಕ್ಕೆ ಸಿಕ್ಕ ಉಲ್ಲೇಖಗಳ ಲೆಕ್ಕವನ್ನು. ಸರ್ ಆಗ ಕಿಟಕಿಯ ಕಡೆ ನೋಡುತ್ತಾ ಕೂರುತ್ತಿದ್ದರು. ಆದರೆ ಅವರ ಪ್ರೊಫೆಸರ್ ಬಡ್ತಿ ನಿಂತಿದ್ದೂ ಆ ಲೆಕ್ಕದ ಮೇಲೆಯೇ.

ಹೋದ ಸಲದ ಸೀತಾಫಲದ ಹಂಗಾಮಿನಲ್ಲಿ ಕರಡಿಯ ಹಿಕ್ಕೆ ಸಂಗ್ರಹಿಸಲು ನಾವಿಬ್ಬರೂ ಹುಲಿಹೈದರದ ಆಚೆಗಿನ ಗುಡ್ಡಕ್ಕೆ ಹೋಗಿದ್ದೆವು. ಅದು ನನ್ನ ತವರಿನ ಗುಡ್ಡ. ಬುಡದಲ್ಲಿ ಕುರಿ ಬಿಟ್ಟುಕೊಂಡು ನಿಂತಿದ್ದ ನನ್ನ ಕಾಕಾ ನಮ್ಮನ್ನು ತಡೆದ.

"ಸರ, ಕೆಮ್ಮಕೋತ ಹೋಗ್ರಿ. ಮಂದಿ ಬಂದ್ರು ಅಂತ ಅದಕ್ಕ ಗೊತ್ತಾಗ್ಲಿ."

"ಹಗಲೊತ್ತಿನ್ಯಾಗ ಅದು ಮಲಗಿರತೈತಿ ಯಜಮಾನ್ರ. ನಾನ ಬರದೀನಿ ಅದನ್ನ."

"ನೀವು ಬರದದ್ದು ಅದು ಓದೈತೇನ್ರಿ?"

ಸರ್ ನಕ್ಕರು, ನಾನೂ ನಕ್ಕೆ. ನಗುತ್ತಲೇ ಹತ್ತಿದೆವು.

ಅದು ಮರಿ ಇದ್ದ ಕರಡಿ. ನಾನು ಕೂಗಿದೆನಂತೆ, ನನಗೆ ನೆನಪಿಲ್ಲ. ಕಾಕಾ ನಾಯಿಗಳನ್ನು ಛೂ ಬಿಟ್ಟು, ಕೋಲಿನಿಂದ ಬಂಡೆಯನ್ನು ಬಡಿಯುತ್ತಾ ಓಡಿ ಬಂದದ್ದು ನೆನಪಿದೆ. ಸರ್ ತಲೆಗೆ ನನ್ನ ದುಪಟ್ಟಾ ಸುತ್ತಿದ್ದು, ಅದು ಕೂಡಲೇ ಒದ್ದೆಯಾಗಿದ್ದು ನೆನಪಿದೆ. ಜೀವ ಉಳಿಯಿತು. ಎಡಗಣ್ಣು ಉಳಿಯಲಿಲ್ಲ. ಕೆನ್ನೆಯನ್ನು ಹೊಲಿದು ಕೂಡಿಸಿದರು.

ಈ ವರ್ಷ ಮಳೆಗಾಲ ಶುರುವಾಗುವ ಹೊತ್ತಿಗೆ, ಸರ್ ಲೇಖನ ಬಂದಿದ್ದ ಅದೇ ಸಂಶೋಧನಾ ಪತ್ರಿಕೆಯಿಂದ ನನಗೆ ಒಂದು ಇಮೇಲ್ ಬಂತು. ಹೊಸ ಲೇಖನವೊಂದನ್ನು ಪರಿಶೀಲಿಸಿ ಅಭಿಪ್ರಾಯ ಕೊಡಿ, ವಿಷಯ ಗುಟ್ಟಾಗಿರಲಿ ಎಂದು ಕೇಳಿದ್ದರು. ದೂರದ ಯಾವುದೋ ವಿಶ್ವವಿದ್ಯಾಲಯದವರು ಬರೆದದ್ದು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗದ ಗುಡ್ಡಗಳಲ್ಲಿ ಸೀತಾಫಲ ಆರಿಸುವ ಹೆಣ್ಣುಮಕ್ಕಳ ಜೊತೆ ಹಗಲಲ್ಲಿ ಅರಣ್ಯ ಕಾವಲುಗಾರರು ಹೋಗುತ್ತಾರಲ್ಲ, ಅದನ್ನು ನಿಲ್ಲಿಸಿ ಅವರನ್ನು ರಾತ್ರಿಗೆ ಹಾಕಬಹುದು ಎಂಬುದು ಅದರ ಶಿಫಾರಸು. ಆಧಾರವಾಗಿ ಕೊಟ್ಟದ್ದು ಸರ್ ಲೇಖನ, ಮತ್ತು ಅದನ್ನು ನಂಬಿ ಬರೆದ ಉಳಿದವರ ಲೇಖನಗಳು. ನನ್ನ ಚಿಗವ್ವ ಪ್ರತಿ ವರ್ಷ ಬುಟ್ಟಿ ಹಿಡಿದು ಆ ಗುಡ್ಡ ಹತ್ತುತ್ತಾಳೆ.

ಸರ್ ಲೇಖನವನ್ನು ಮತ್ತೆ ತೆರೆದು, ಮಾಹಿತಿ ಕೂಡಿಸಿದ ಬಗೆಯನ್ನು ಹೇಳುವ ಭಾಗಕ್ಕೆ ಬಂದೆ. ಗುಡ್ಡದ ಬುಡದ ಊರುಗಳಲ್ಲಿ ಕುರುಬರ ಮನೆಗಳಿಗೆ ಹೋಗಿ ಕೇಳಿದ್ದು ಬೇಸಿಗೆ ರಜೆಯಲ್ಲಿ. ಕಾಲೇಜು ಮೇಷ್ಟ್ರುಗಳಿಗೆ ಊರೂರು ತಿರುಗಲು ಬಿಡುವು ಸಿಗುವುದೇ ಆಗ. ಆದರೆ ಬೇಸಿಗೆಯಲ್ಲಿ ಕುರಿ ಕಾಯುವ ನಮ್ಮವರು ಗುಡ್ಡದಲ್ಲಿ ಇರುವುದೇ ಇಲ್ಲ. ಕಾಲುವೆ ಕಡೆ ಭತ್ತ ಕೊಯ್ದ ಮೇಲೆ ಹಿಂಡು ಹೊಡೆದುಕೊಂಡು ಶ್ರೀರಾಮನಗರದತ್ತ ಇಳಿಯುತ್ತಾರೆ. ಗೊಬ್ಬರವಾಗಲಿ ಎಂದು ಗದ್ದೆಯವರು ತಮ್ಮ ಹೊಲಗಳಲ್ಲಿ ಕುರಿ ಮಲಗಿಸಿಕೊಳ್ಳುತ್ತಾರೆ. ಚಿಕ್ಕವಳಿದ್ದಾಗ ಅಲ್ಲಿಗೆ ನಾನೇ ರೊಟ್ಟಿ ಗಂಟು ಒಯ್ದಿದ್ದೇನೆ. ಮನೆಯಲ್ಲಿ ಉಳಿದ ಮುದುಕರು ಹಗಲಲ್ಲಿ ಕರಡಿ ಕಂಡಿಲ್ಲ ಎಂದು ಹೇಳಿದ್ದಾರೆ. ಅವರು ಗುಡ್ಡಕ್ಕೆ ಹೋಗಿದ್ದರೆ ತಾನೆ ಕಾಣುವುದು? ಪರಿಶೀಲಿಸಿದ ತಜ್ಞರು ಲೆಕ್ಕ ಸರಿಯಿದೆಯೇ ಎಂದು ನೋಡಿರಬೇಕು. ಲೆಕ್ಕ ಸರಿಯಾಗಿಯೇ ಇತ್ತು.

ಇದನ್ನೆಲ್ಲ ಬರೆದು ಕಳಿಸಿದೆ. ಸಂಪಾದಕರ ಉತ್ತರ ಬಹಳ ಸೌಜನ್ಯದಿಂದ ಕೂಡಿತ್ತು. ಉಳಿದಿಬ್ಬರು ಪರಿಶೀಲಕರು ಒಪ್ಪಿದ್ದಾರೆ, ಕುರಿಗಳ ಓಡಾಟದ ಬಗ್ಗೆ ನೀವು ಹೇಳುವುದಕ್ಕೆ ಪ್ರಕಟವಾದ ಆಧಾರ ಇದ್ದರೆ ದಯವಿಟ್ಟು ಉಲ್ಲೇಖಿಸಿ. ನಾನು ಹುಡುಕಿದೆ. ಇರಲಿಲ್ಲ. ನಮ್ಮ ಮನೆಯವರು ಬೇಸಿಗೆಯಲ್ಲಿ ಎಲ್ಲಿರುತ್ತಾರೆಂದು ಯಾರು ಲೇಖನ ಬರೆಯುತ್ತಾರೆ? ಸರ್ ಕೆನ್ನೆಯ ಹೊಲಿಗೆಯನ್ನು ಯಾವ ಸಂಪುಟ, ಯಾವ ಪುಟ ಎಂದು ಉಲ್ಲೇಖಿಸಲಿ?

ಆ ಪತ್ರಿಕೆ ಒಪ್ಪಲೇಬೇಕಾದ ಆಧಾರ ಒಂದೇ: ತಮ್ಮ ಲೇಖನಕ್ಕೆ ಸರ್ ತಾವೇ ಬರೆಯುವ ತಿದ್ದುಪಡಿ. ಬಡ್ತಿಯ ಸಂದರ್ಶನ ಹತ್ತಿರದಲ್ಲಿತ್ತು. ಕೊಪ್ಪಳದ ಅವರ ಮನೆಗೆ ಹೋದೆ. ಅವರ ಮನೆಯವರು ಚಹಾ ಕೊಟ್ಟು ಒಳಗೆ ಹೋದರು. ಹೊಸ ಲೇಖನದ ವಿಷಯ ಹೇಳುವಂತಿರಲಿಲ್ಲ. ಹಾಗಾಗಿ, ನೀವು ಊರಿಗೆ ಹೋಗಿ ಕೇಳಿದಾಗ ಕುರಿ ಎಲ್ಲಿದ್ದವು ಸರ್ ಎಂದಷ್ಟೇ ಕೇಳಿದೆ. ಮೊದಲು ಅವರಿಗೆ ಅರ್ಥವಾಗಲಿಲ್ಲ. ಆಮೇಲೆ ಕಪ್ಪು ಕೆಳಗಿಟ್ಟರು.

"ಇದನ್ನ ಈಗ ಯಾಕ ಕೇಳಾಕ ಹತ್ತೀದಿ?"

"ಕಾರಣ ಹೇಳಾಕ ಬರಂಗಿಲ್ಲ ಸರ್."

ಎಷ್ಟೋ ಲೇಖನಗಳನ್ನು ಹೀಗೇ ಗುಟ್ಟಾಗಿ ಪರಿಶೀಲಿಸಿದವರು ಅವರು. ಕಾರಣವನ್ನು ಮತ್ತೆ ಕೇಳಲಿಲ್ಲ. ನನ್ನ ಅಪ್ಪಣೆ ಕೇಳುವವರಂತೆ, "ಸಂದರ್ಶನ ಒಂದ್ ಮುಗೀಲೇನವಾ?" ಎಂದರು.

ನನ್ನ ಮಾರ್ಗದರ್ಶಕರು ನನ್ನನ್ನು ಹಾಗೆ ಕೇಳಬಾರದಿತ್ತು. ಹೂಂ ಎನ್ನುವುದು ಸುಲಭವಿತ್ತು.

"ಸೀತಾಫಲ ಬಲಿಯಾಕ ಹತ್ಯಾವ ಸರ್," ಎಂದೆ.

ಅವರು ಲ್ಯಾಪ್‌ಟಾಪ್ ತರಿಸಿಕೊಂಡರು. ಉಳಿದ ಒಂದು ಕಣ್ಣನ್ನು ಪರದೆಗೆ ತೀರ ಹತ್ತಿರ ಹಿಡಿದು ತಾವೇ ಟೈಪು ಮಾಡಿದರು. ನಾನು ಮಾಡಿಕೊಡುತ್ತೇನೆ ಎಂದರೆ ಬೇಡ ಎಂದರು. ತಮಗಾದದ್ದನ್ನು ಅದರಲ್ಲಿ ಬರೆಯಲಿಲ್ಲ. ಪ್ರಶ್ನೆ ಕೇಳಿದ ತಿಂಗಳುಗಳಲ್ಲಿ ಕುರಿಗಾರರು ಗುಡ್ಡದಲ್ಲಿ ಇರಲಿಲ್ಲ, ಆದ್ದರಿಂದ ಹಗಲಿನ ಬಗ್ಗೆ ಈ ಲೇಖನವನ್ನು ನಂಬಬಾರದು ಎಂದಷ್ಟೇ ಬರೆದು ಕಳಿಸಿದರು.

ಆ ಹೊಸ ಲೇಖನವನ್ನು ಪತ್ರಿಕೆ ತಿರಸ್ಕರಿಸಿಲ್ಲ, ತಡೆಹಿಡಿದಿದೆ. ತಿದ್ದುಪಡಿ ಪ್ರಕಟವಾದ ಮೇಲೆ ಸರ್ ಲೇಖನದ ಉಲ್ಲೇಖಗಳು ಆಗಲೇ ಒಂದೆರಡು ಏರಿವೆ. ತಪ್ಪು ಎಂದು ಉಲ್ಲೇಖಿಸಿದರೂ ಅದು ಲೆಕ್ಕಕ್ಕೆ ಸೇರುತ್ತದೆ. ಪ್ರಾಂಶುಪಾಲರಿಗೆ ಖುಷಿ. ಸಂದರ್ಶನದ ಫಲಿತಾಂಶ ಇನ್ನೂ ಬಂದಿಲ್ಲ, ಸರ್ ಅದರ ಮಾತೆತ್ತುವುದಿಲ್ಲ.

ಇಂದು ಬೆಳಿಗ್ಗೆ ಚಿಗವ್ವನಿಗೆ ಫೋನ್ ಮಾಡಿದೆ. ಬುಟ್ಟಿ ಹಿಡಿದು ಗುಡ್ಡಕ್ಕೆ ಹೊರಟಿದ್ದಳು. ಈ ವರ್ಷ ಕಾವಲುಗಾರ ಬಂದಿದ್ದಾನೆ, ಮುಂದಿನ ವರ್ಷ ಗೊತ್ತಿಲ್ಲವಂತೆ. ಕೆಮ್ಮುತ್ತಾ ಹೋಗು ಎಂದೆ. ಎಷ್ಟು ಸಲ ಹೇಳ್ತೀ ಎಂದು ಬೈದು, ನನಗೆ ಕೇಳಿಸಲೆಂದೇ ಜೋರಾಗಿ ಕೆಮ್ಮಿದಳು. ಮಾತು ಮುಗಿಸಿ ಫೋನನ್ನು ಹಾಗೇ ಸೊಂಟಕ್ಕೆ ಸಿಕ್ಕಿಸಿಕೊಂಡಿರಬೇಕು. ಕರೆ ಕಡಿದಿರಲಿಲ್ಲ. ನಾನೂ ಕಡಿಯಲಿಲ್ಲ. ತರಗತಿಯ ಗಂಟೆ ಹೊಡೆಯಿತು. ಕಲ್ಲಿನ ಮೇಲೆ ಅವಳ ಚಪ್ಪಲಿಯ ಸದ್ದು, ನಡುನಡುವೆ ಕೆಮ್ಮು. ಕೆಮ್ಮು ನಿಂತಾಗಲೆಲ್ಲ ಫೋನನ್ನು ಕಿವಿಗೆ ಒತ್ತಿಕೊಂಡು ಕೇಳುತ್ತಾ ನಿಂತಿದ್ದೆ.