ಮಮದಾಪುರದ ಗೌತಮಿ ಮತ್ತೆ ಸೈಕಲ್ ಏರಿದ್ದು

ವಿಜಯಪುರದಲ್ಲಿ ಶಾಲಾ ಮಕ್ಕಳ ಸೈಕಲ್ ಸ್ಪರ್ಧೆ ಮುಗಿದಿತ್ತು. ಮೂರನೆಯವಳಾಗಿ ಬಂದ ಹುಡುಗಿ ಸೈಕಲ್ಲನ್ನು ಬೇವಿನ ಗಿಡಕ್ಕೆ ಒರಗಿಸಿ ನೀರು ಕುಡಿಯುತ್ತಿದ್ದಳು. ಅದು ಎಂಟನೇ ತರಗತಿಯವರಿಗೆ ಸರ್ಕಾರ ಕೊಟ್ಟ ಸೈಕಲ್. ಮುಂದೆ ಬುಟ್ಟಿ, ಹಿಂದೆ ಕ್ಯಾರಿಯರ್. ತರಬೇತುದಾರ ಗುರುಪಾದಯ್ಯನವರ ಕಣ್ಣು ಬಿದ್ದದ್ದು ಅವಳ ಕೈಗಳ ಮೇಲೆ. ಮೊಣಕೈವರೆಗೂ ಕರಿ ಗ್ರೀಸು ಮೆತ್ತಿಕೊಂಡಿತ್ತು.

“ಚೈನ್ ಬಿದ್ದಿತ್ತೇನವಾ?”

“ಎರಡ ಸಲ ಬಿತ್ರಿ.”

“ಯಾರು ಹಾಕಿಕೊಟ್ರು?”

“ಬ್ಯಾರೆ ಯಾರು ಹಾಕ್ತಾರ್ರಿ? ನಾನ ಇಳದು ಹಾಕ್ಕೊಂಡೆ.”

ಎರಡು ಸಲ ನಿಂತು, ಚೈನು ಏರಿಸಿ, ಆಮೇಲೂ ಮೂರನೆಯವಳಾಗಿ ಬಂದವಳನ್ನು ಹಾಗೇ ಬಿಟ್ಟುಬಿಡುವ ಮನುಷ್ಯ ಗುರುಪಾದಯ್ಯನವರಲ್ಲ. ಹೆಸರು ಗೌತಮಿ, ಊರು ಮಮದಾಪುರ ಎಂದು ಕೇಳಿ ತಿಳಿದುಕೊಂಡು, ಮುಂದಿನ ವಾರವೇ ಆ ಊರಿನ ಬಸ್ ಹತ್ತಿದರು.

ಗೌತಮಿಯ ಅಪ್ಪ ಭಾಗಪ್ಪ ದ್ರಾಕ್ಷಿ ತೋಟಗಳಲ್ಲಿ ಬಳ್ಳಿ ಕತ್ತರಿಸುವ ಚಾಟ್ನಿ ಕೆಲಸದವನು. ಹಂಗಾಮು ಬಂತೆಂದರೆ ತಿಕೋಟಾ ಸುತ್ತಲಿನ ತೋಟಗಳಲ್ಲೇ ಅವನ ವಾಸ. ಅವ್ವ ಹನಮವ್ವ ಹೊಲದ ಕೂಲಿಗೆ ಹೋಗುತ್ತ, ಒಂದಿಷ್ಟು ಆಡು ಸಾಕಿಕೊಂಡು ಮನೆ ನಡೆಸುವವಳು. ಗೋಡೆಯ ಮೇಲೆ ಬುದ್ಧನ ಪಟ, ಅದರ ಪಕ್ಕಕ್ಕೆ ಬಾಬಾಸಾಹೇಬರ ಪಟ. ಅದರ ಕೆಳಗೆ ಹಾಸಿದ ಚಾಪೆಯ ಮೇಲೆ ಕೂತು ಗುರುಪಾದಯ್ಯನವರು ವಿಜಯಪುರದ ಕ್ರೀಡಾ ಹಾಸ್ಟೆಲ್ಲಿನ ವಿಷಯ ತೆಗೆದರು.

“ಹೆಣ್ಣ ಹುಡುಗಿ ಸೈಕಲ್ ಹೊಡದು ಏನ ಮಾಡ್ತಾಳ್ರಿ?” ಎಂದಳು ಹನಮವ್ವ.

ಭಾಗಪ್ಪನ ಪ್ರಶ್ನೆಯೇ ಬೇರೆ ಇತ್ತು. “ಅಲ್ಲಿ ಸಾಲಿ ಇರ್ತೈತೇನ್ರಿ?”

“ಇರ್ತೈತಿ. ಮುಂಜಾನಿ, ಸಂಜಿಕ ಸೈಕಲ್. ನಡಕ ಸಾಲಿ.”

“ಹಂಗಾರ ಕರಕೊಂಡು ಹೋಗ್ರಿ. ಸಾಲಿ ಬಿಡಸೂದಿಲ್ಲ ಅಂತ ಮಾತ ಕೊಡ್ರಿ, ಅಷ್ಟ ಸಾಕು.”

ಹಾಸ್ಟೆಲ್ಲಿನಲ್ಲಿ ಗೌತಮಿಯ ಕೋಣೆಗೆ ಜೊತೆಯಾದವಳು ಶಾಂಭವಿ, ಸ್ಟೇಷನ್ ರಸ್ತೆಯ ಬಟ್ಟೆ ಅಂಗಡಿಯವರ ಮಗಳು. ಊರಲ್ಲೇ ಮನೆಯಿದ್ದರೂ ಹಟ ಹಿಡಿದು ಹಾಸ್ಟೆಲ್ ಸೇರಿದವಳು. ಇಬ್ಬರಿಗೂ ಮೊದಲ ದಿನವೇ ಜಗಳ, ಎರಡನೆಯ ದಿನಕ್ಕೆ ಒಂದೇ ತಟ್ಟೆಯಲ್ಲಿ ಊಟ. ಸಿಮೆಂಟಿನ ಟ್ರ್ಯಾಕಿನ ಮೇಲೆ ಗೌತಮಿಗೆ ತನ್ನ ಶಕ್ತಿ ಏನೆಂಬುದು ಗೊತ್ತಾಯಿತು. ಕೊನೆಯ ಸುತ್ತಿನವರೆಗೂ ಅವಳು ಉಳಿದವರ ಹಿಂದೆ ಸುಮ್ಮನೆ ಬರುತ್ತಿದ್ದಳು. ಗಂಟೆ ಬಾರಿಸಿದ ಮೇಲೆ ಸೀಟಿನಿಂದ ಎದ್ದು ನಿಂತು ಒಂದೇ ಸಮನೆ ತುಳಿದಳೆಂದರೆ ಗುರಿಯ ಗೆರೆ ಬರುವಷ್ಟರಲ್ಲಿ ಯಾರಿಗೂ ಅವಳ ಗಾಲಿ ಸಿಗುತ್ತಿರಲಿಲ್ಲ. ರಾಜ್ಯದ ಪದಕ ಬಂತು, ರಾಷ್ಟ್ರಮಟ್ಟದ ಬೆಳ್ಳಿ ಬಂತು. ಎಲ್ಲದರಲ್ಲೂ ಶಾಂಭವಿ ಒಂದು ಮೊಳ ಹಿಂದೆ.

“ನಿನ್ನ ಬೆನ್ನ ನೋಡಿ ನೋಡಿ ನಂಗ ಬ್ಯಾಸರಾಗೈತಿ,” ಎನ್ನುತ್ತಿದ್ದಳು ಶಾಂಭವಿ. “ಒಂದ ಸಲಾರ ನೀ ನನ್ನ ಬೆನ್ನ ನೋಡು.”

ಗೌತಮಿ ಪದವಿಯ ಕೊನೆಯ ವರ್ಷದಲ್ಲಿದ್ದಾಗ, ಬೇಸಿಗೆಯ ಕೊನೆಗೆ, ಹೊಟ್ಟೆ ಕೆಟ್ಟು ಜ್ವರ ಬಂತು. ಎರಡು ದಿನಕ್ಕೆ ಹೋಯಿತು. ಆಮೇಲಿನ ವಾರ ಅಂಗಾಲುಗಳಲ್ಲಿ ಜುಮುಜುಮು ಶುರುವಾಯಿತು. ಬೂಟು ಬಿಗಿಯಾದದ್ದಕ್ಕೆ ಹೀಗಾಗಿರಬೇಕು ಎಂದುಕೊಂಡು ದಾರ ಸಡಿಲ ಮಾಡಿದಳು. ಮರುದಿನ ಹಾಸ್ಟೆಲ್ಲಿನ ಮೆಟ್ಟಿಲು ಹತ್ತುವಾಗ ಮೊಣಕಾಲು ಮಡಚಿಕೊಂಡು ಬಿದ್ದಳು. ಶಾಂಭವಿ ನಕ್ಕಳು, ಗೌತಮಿಯೂ ನಕ್ಕಳು. ಏಳಲು ಹೋದಾಗ ಏಳಲಾಗಲಿಲ್ಲ.

ಆಸ್ಪತ್ರೆಯಲ್ಲಿ ವೈದ್ಯರು ತಿಳಿಸಿ ಹೇಳಿದರು: ಇದು ನರಗಳ ಕಾಯಿಲೆ, ಹೆಸರು ಗೀಯನ್-ಬಾರೆ. ಜ್ವರದ ವಿರುದ್ಧ ಹೋರಾಡಲು ಎದ್ದ ದೇಹದ ಶಕ್ತಿ ದಾರಿ ತಪ್ಪಿ ತನ್ನ ನರಗಳ ಮೇಲೆಯೇ ಬಿದ್ದಿದೆ. ಬಹಳ ಮಂದಿಗೆ ವಾಸಿಯಾಗುತ್ತದೆ, ಆದರೆ ಸಮಯ ಹಿಡಿಯುತ್ತದೆ. ಹನಮವ್ವನಿಗೆ ಆ ಹೆಸರು ಬಾಯಿಗೆ ಬರಲಿಲ್ಲ. ಅವಳು ಅದನ್ನು ‘ಬ್ಯಾರೆ ಬ್ಯಾನಿ’ ಎಂದೇ ಕರೆದಳು, ಈಗಲೂ ಹಾಗೇ ಕರೆಯುತ್ತಾಳೆ.

ಬ್ಯಾನಿ ಪಾದದಿಂದ ತೊಡೆಗೆ, ತೊಡೆಯಿಂದ ಕೈಗೆ ಏರಿತು. ಉಸಿರಾಟಕ್ಕೂ ಏರುತ್ತಿದೆಯೇ ಎಂದು ನೋಡಲು ವೈದ್ಯರು ಒಂದೇ ಉಸಿರಿನಲ್ಲಿ ಅಂಕಿ ಎಣಿಸಲು ಹೇಳುತ್ತಿದ್ದರು. ಮೊದಲ ದಿನ ಐವತ್ತು ದಾಟಿದವಳು ಮೂರನೆಯ ದಿನ ಇಪ್ಪತ್ತಕ್ಕೇ ನಿಂತಳು. ಎದೆಗೆ ಗಾಳಿ ಸಾಲದೆ ಬಾಯಿ ತೆರೆದು ಮಲಗಿದ್ದ ಮಗಳ ಕಾಲು ಹಿಡಿದುಕೊಂಡು ಭಾಗಪ್ಪ ಗೋಡೆಯ ಕಡೆ ಮುಖ ಮಾಡಿ ಕೂತಿದ್ದ. ಉಸಿರಿನ ಯಂತ್ರ ತಂದು ಮಂಚದ ಪಕ್ಕಕ್ಕೆ ನಿಲ್ಲಿಸಿದ್ದರು. ಅಷ್ಟರಲ್ಲಿ ರಕ್ತನಾಳಕ್ಕೆ ಏರಿಸಿದ ಔಷಧಿ ಹತ್ತಿತು. ಯಂತ್ರ ನಿಂತಲ್ಲೇ ನಿಂತಿತ್ತು, ಗೌತಮಿ ಮತ್ತೆ ಐವತ್ತರವರೆಗೆ ಎಣಿಸಿದಳು.

ಜೀವ ಉಳಿಯಿತು. ಕಾಲು ಮಾತ್ರ ಬರಲಿಲ್ಲ.

ಕಾಲಿಗೆ ವ್ಯಾಯಾಮ ಕಲಿಸಲು ಬಂದವರು ಇರ್ಫಾನಾ ಮೇಡಂ. ಅಯ್ಯೋ ಪಾಪ ಎನ್ನುವುದು ಅವರಿಗೆ ಬರುತ್ತಿರಲಿಲ್ಲ.

“ಹೆಬ್ಬೆರಳು ಅಲುಗಸು,” ಎಂದರು.

ಗೌತಮಿ ಕಣ್ಣು ಮುಚ್ಚಿ ಹಲ್ಲು ಕಚ್ಚಿದಳು. “ಅಲುಗವಲ್ದ್ರಿ.”

“ನಿನಗ ಹೆಂಗ ಗೊತ್ತು? ನೀ ಕಣ್ಣ ಮುಚ್ಚೀದಿ. ನಾ ನೋಡಾಕತ್ತೇನಿ. ಅಲುಗೇತಿ.”

ಗೌತಮಿ ಕಣ್ಣು ತೆರೆದಳು. ಮತ್ತೆ ಪ್ರಯತ್ನ ಮಾಡಿದಳು. ಬೆರಳು ಎಳ್ಳಿನಷ್ಟು ಎದ್ದು ಬಿತ್ತು. ರಾಷ್ಟ್ರಮಟ್ಟದ ಬೆಳ್ಳಿ ಬಂದಾಗ ಅಳದಿದ್ದವಳು ಅಂದು ಅತ್ತಳು.

“ಮೇಡಂ, ಮತ್ತ ಸೈಕಲ್ ಹೊಡೀತೀನೇನ್ರಿ?”

“ಮೊದಲ ಚಪ್ಪಲಿ ಹಾಕ್ಕೊಳ್ಳೂದು ಕಲಿ. ಸೈಕಲ್ ಮಾತು ಆಮ್ಯಾಲ.”

ಹಿಡಿದುಕೊಂಡು ನಿಲ್ಲುವಷ್ಟಾದ ಮೇಲೆ ಮನೆಗೆ ಕಳಿಸಿದರು. ಎದೆಮಟ್ಟದ ನೀರಿನಲ್ಲಿ ನಡೆದರೆ ಮೈಭಾರವನ್ನು ನೀರೇ ಹೊರುತ್ತದೆ, ಕಾಲಿಗೆ ಬೇಗ ಬಲ ಬರುತ್ತದೆ ಎಂದು ಇರ್ಫಾನಾ ಮೇಡಂ ಹೇಳಿದ್ದರು. “ನಿಮ್ಮೂರಾಗ ದೊಡ್ಡ ಕೆರಿ ಐತಲ್ಲ, ಮತ್ತೇನ ಬೇಕು? ಒಬ್ಬಾಕಿನ ಮಾತ್ರ ಇಳೀಬ್ಯಾಡ.”

ಹನಮವ್ವನಿಗೆ ಈಜು ಬಾರದು. ಕೆರೆಯ ನೀರಲ್ಲಿ ಹಿಮ್ಮಡಿ ಮುಳುಗುವಷ್ಟಕ್ಕಿಂತ ಮುಂದೆ ಅವಳು ಯಾವತ್ತೂ ಹೋದವಳಲ್ಲ. ಆದರೂ ಮರುದಿನ ಬೆಳಗ್ಗೆ ಸೀರೆ ಕಚ್ಚೆ ಕಟ್ಟಿ, ಮಗಳ ಸೊಂಟಕ್ಕೆ ಕೈ ಹಾಕಿ, ಕಲ್ಲಿನ ಮೆಟ್ಟಿಲು ಇಳಿದಳು. ಬಟ್ಟೆ ಒಗೆಯಲು ಬಂದ ಹೆಂಗಸರು ಕೈ ನಿಲ್ಲಿಸಿ ನೋಡಿದರು. ಇಬ್ಬರೂ ಒಂದು ಹೆಜ್ಜೆ ಹಾಕಿ, ತೂಗಾಡಿ, ಒಬ್ಬರಿಗೊಬ್ಬರು ಜೋತುಬಿದ್ದು ನಿಂತರು.

ಮೆಟ್ಟಿಲ ಮೇಲಿದ್ದ ಓಣಿಯ ಮುಮತಾಜ ಒಗೆಯುತ್ತಿದ್ದ ಬಟ್ಟೆ ಅಲ್ಲೇ ಬಿಟ್ಟು ನೀರಿಗಿಳಿದಳು. “ಹನಮವ್ವಾ, ಗಡಗಡ ನಡಗಾಕತ್ತಾಕಿ ನೀನ. ಹುಡುಗೀನ ನಿನ್ನ ಹಿಡಕೊಂಡಾಳ. ಸರಿ ಇತ್ತಾಗ,” ಎಂದು ಗೌತಮಿಯ ಇನ್ನೊಂದು ರಟ್ಟೆ ಹಿಡಿದಳು.

ಅಂದಿನಿಂದ ಮೂವರದೂ ಅದೇ ಕೆಲಸ. ಮಳೆಗಾಲ ಕಳೆದು ಚಳಿ ಬಂತು, ನೀರು ಕೊರೆಯತೊಡಗಿತು, ಅವರು ಬಿಡಲಿಲ್ಲ. ಗೌತಮಿ ಮೊದಲು ಮುಮತಾಜಳ ಕೈ ಬಿಟ್ಟಳು, ಆಮೇಲೆ ಅವ್ವನ ಕೈ ಬಿಟ್ಟಳು. ಬೇಸಿಗೆಯ ಹೊತ್ತಿಗೆ ಕೆರೆಯ ದಂಡೆಯ ಮೇಲೆ ಕೋಲಿಲ್ಲದೆ ನಡೆದಳು. ಹನಮವ್ವನಿಗೂ ಅಷ್ಟರಲ್ಲಿ ಈಜು ಬಂದಿತ್ತು, ಅದನ್ನು ಅವಳು ಯಾರಿಗೂ ಹೇಳಿಕೊಳ್ಳಲಿಲ್ಲ.

ಗುರುಪಾದಯ್ಯನವರು ಒಂದು ಹಳೆಯ ಸೈಕಲ್ಲನ್ನು ಸ್ಟ್ಯಾಂಡಿಗೆ ಬಿಗಿದು ತಂದುಕೊಟ್ಟರು. ಅಂಗಳದಲ್ಲಿ ಆಡುಗಳ ಮಗ್ಗುಲಲ್ಲಿ ಕೂತು ಗೌತಮಿ ಅದನ್ನು ತುಳಿದಳು. ಜೋರು ಬರುತ್ತಿರಲಿಲ್ಲ, ಆದ್ದರಿಂದ ನಿಧಾನವಾಗಿ, ಬಹಳ ಹೊತ್ತು ತುಳಿದಳು.

ಹಾಸ್ಟೆಲ್ಲಿಗೆ ಮರಳಿದ ಮೇಲೆ ಟ್ರ್ಯಾಕಿನಲ್ಲಿ ಪರೀಕ್ಷೆ ಇಟ್ಟರು. ಕೊನೆಯ ಸುತ್ತಿನ ಗಂಟೆಯಾದಾಗ ಗೌತಮಿ ಹಳೆಯ ರೂಢಿಯಂತೆ ಎದ್ದು ನಿಂತಳು, ತುಳಿದಳು. ಕಾಲು ಮಾತು ಕೇಳಿತು, ಆದರೆ ಒಂದು ಕ್ಷಣ ತಡವಾಗಿ ಕೇಳಿತು. ಶಾಂಭವಿ ದಾಟಿದಳು, ಅವಳ ಹಿಂದೆ ಹೊಸ ಹುಡುಗಿಯರೂ ದಾಟಿದರು. ತಿಂಗಳುಗಟ್ಟಲೆ ಅದೇ ಆಯಿತು.

ಒಂದು ದಿನ ಗುರುಪಾದಯ್ಯನವರು ಪಕ್ಕಕ್ಕೆ ಕರೆದರು. “ಗೌತಮಿ, ಕಾಲಾಗ ಮೊದಲಿನ ಝಟಕಾ ಇಲ್ಲವಾ. ಬರ್ತೈತಿ ಅಂತ ನಾ ಸುಳ್ಳ ಹೇಳೂದಿಲ್ಲ. ಸಣ್ಣ ಹುಡುಗ್ಯಾರಿಗೆ ಕಲಸು, ನನಗೂ ಒಂದು ಕೈ ಆಗ್ತೈತಿ.”

ಗೌತಮಿ ಸೈಕಲ್ ಹತ್ತಿ ಹಾಸ್ಟೆಲ್ ಗೇಟು ದಾಟಿ, ಎಲ್ಲಿಗೆಂದು ಯೋಚಿಸದೆ ತಿಕೋಟಾ ರಸ್ತೆ ಹಿಡಿದಳು. ಪಡುವಣ ಗಾಳಿ ಎದುರಿನಿಂದ ಮುಖಕ್ಕೆ ಬಡಿಯುತ್ತಿತ್ತು. ಎರಡೂ ಕಡೆ ಬಯಲು, ಮರೆಗೆ ಒಂದು ಗಿಡವಿಲ್ಲ. ಸಿಟ್ಟಿನಲ್ಲಿ ತುಳಿದಳು, ಅಳುತ್ತ ತುಳಿದಳು, ಅಳು ನಿಂತ ಮೇಲೂ ತುಳಿದಳು. ತಿಕೋಟಾ ದಾಟಿ ಅಪ್ಪ ಕೆಲಸ ಮಾಡುವ ದ್ರಾಕ್ಷಿ ತೋಟದ ಮುಂದೆ ನಿಂತಳು.

ಭಾಗಪ್ಪ ಕತ್ತರಿಯನ್ನು ಜೇಬಿಗಿಳಿಸಿ ನೀರಿನ ತಂಬಿಗೆ ತಂದ. ಅವಳ ಮುಖ ನೋಡಿ ಏನೋ ಆಗಿದೆ ಎಂದು ತಿಳಿದರೂ ಅದನ್ನು ಕೇಳಲಿಲ್ಲ.

“ಇಂಥಾ ಗಾಳ್ಯಾಗ ಸೈಕಲ್ ಮ್ಯಾಲ ಬಂದೇನು? ದಣಿಲಿಲ್ಲ?”

ಗೌತಮಿ ಕುಡಿಯುವುದನ್ನು ನಿಲ್ಲಿಸಿದಳು. ಉಸಿರು ಸಮನಾಗಿಯೇ ಇತ್ತು. ತೊಡೆ ಉರಿಯುತ್ತಿರಲಿಲ್ಲ. ಇನ್ನೂ ಇಷ್ಟೇ ದೂರ ಹೋಗು ಎಂದರೆ ಹೋಗುವ ಹಾಗಿತ್ತು.

“ಇಲ್ಲಪ್ಪಾ,” ಎಂದಳು. “ದಣಿಲಿಲ್ಲ.”

ಸಂಜೆ ಗುರುಪಾದಯ್ಯನವರ ಮುಂದೆ ನಿಂತಳು. “ಸರ್, ನನಗ ಟ್ರ್ಯಾಕ್ ಬ್ಯಾಡ್ರಿ. ರೋಡ್ ಕೊಡ್ರಿ.”

ಅವರು ನಂಬಲಿಲ್ಲ. ಮರುದಿನ ಮೋಟಾರ್ ಸೈಕಲ್ಲಿನಲ್ಲಿ ಅವಳ ಹಿಂದೆ ಹೋದರು, ಅದರ ಮರುದಿನವೂ ಹೋದರು. ಮೂರನೆಯ ದಿನ ತಮ್ಮ ಮಾತನ್ನು ತಾವೇ ಬದಲಿಸಿದರು. “ನನ್ನ ಲೆಕ್ಕ ತಪ್ಪಿತ್ತವಾ. ಝಟಕಾ ಹೋಗೇತಿ, ದಮ್ಮು ಬಂದೈತಿ. ಆದ್ರ ಒಂದ ಮಾತು. ಗೆರಿತನಾ ಯಾರನ್ನೂ ಜೋಡಿ ಕರಕೊಂಡು ಹೋಗಬ್ಯಾಡ. ಅಲ್ಲಿ ಝಟಕಾ ಇದ್ದಾಕಿ ನಿನ್ನ ಹಿಂದ ಹಾಕ್ತಾಳ. ದೂರ ಇದ್ದಾಗನ ಬಿಟ್ಟು ಹೋಗಬೇಕು.”

ಒಂದು ವರ್ಷ ಅದೇ ಅಭ್ಯಾಸ ನಡೆಯಿತು. ಮುಂದಿನ ಮಳೆಗಾಲದಲ್ಲಿ ರಾಜ್ಯಮಟ್ಟದ ರಸ್ತೆ ಸ್ಪರ್ಧೆ ಬಂತು. ವಿಜಯಪುರದ ಹೊರವಲಯದಿಂದ ಹೊರಟು ತಿಕೋಟಾಕ್ಕೆ, ಅಲ್ಲಿ ಎಡಕ್ಕೆ ತಿರುಗಿ ಬಬಲೇಶ್ವರಕ್ಕೆ. ಮೊದಲು ಬಂದ ಇಬ್ಬರಿಗೆ ರಾಷ್ಟ್ರ ಸ್ಪರ್ಧೆಗೆ ಹೋಗುವ ರಾಜ್ಯ ತಂಡದಲ್ಲಿ ಜಾಗ.

ತಿಕೋಟಾವರೆಗೆ ಎದುರುಗಾಳಿ. ಎಲ್ಲರೂ ಮುಂದಿನವಳ ಬೆನ್ನಿಗೆ ಅಡಗಿ ಶಕ್ತಿ ಉಳಿಸಿಕೊಂಡರು. ಕೊನೆಗೆ ಶಾಂಭವಿಯ ವೇಗವೇ ಗೆಲ್ಲುವುದೆಂದು ಎಲ್ಲರಿಗೂ ಗೊತ್ತಿತ್ತು. ಅವಳ ಹಿಂದೆಯೇ ಸಾಲು ಕಟ್ಟಿದ್ದರು. ತಿಕೋಟಾದ ತಿರುವಿನಲ್ಲಿ ಎಲ್ಲರೂ ಬ್ರೇಕ್ ಒತ್ತಿದಾಗ ಗೌತಮಿ ಒತ್ತಲಿಲ್ಲ. ಹೊರಗಿನ ಅಂಚಿನಿಂದ ಹಾಯ್ದು ಮುಂದಾದಳು.

“ಹೋಗ್ಲಿ ಬಿಡ್ರೆ, ಬ್ಯಾನಿಯಿಂದ ಎದ್ದಾಕಿ. ಎಷ್ಟ ದೂರ ಹೋಗ್ತಾಳ,” ಎಂದು ಹಿಂದೆ ಯಾರೋ ಅಂದದ್ದು ಕಿವಿಗೆ ಬಿತ್ತು.

ಈಗ ಗಾಳಿ ಬಲಗಡೆಯಿಂದ ಅಡ್ಡ ಬೀಸುತ್ತಿತ್ತು. ಹಿಂದಿನವರಿಗೆ ಅಡಗಲು ಬೆನ್ನು ಸಿಗಲಿಲ್ಲ, ಸಾಲು ಚದುರಿತು. ಗೌತಮಿಯನ್ನು ಅಟ್ಟಿಸಿಕೊಂಡು ಹೋದವರ ಶಕ್ತಿ ಅಲ್ಲೇ ಖರ್ಚಾಗುತ್ತದೆ. ಆದ್ದರಿಂದ ನೀ ಮೊದಲು ಹೋಗು ಎನ್ನುವಂತೆ ಎಲ್ಲರೂ ಶಾಂಭವಿಯ ಮುಖ ನೋಡಿದರು, ಶಾಂಭವಿ ಅವರ ಮುಖ ನೋಡಿದಳು. ಅಷ್ಟರಲ್ಲಿ ಗೌತಮಿ ಏರು ಹತ್ತಿ ಕಣ್ಮರೆಯಾಗಿದ್ದಳು.

ಅರ್ಧ ದಾರಿಗೆ ಎಡಪಾದ ಜೋಮು ಹಿಡಿಯಿತು. ಆಸ್ಪತ್ರೆಯ ಹಾಸಿಗೆ ನೆನಪಾಯಿತು. ತಲೆ ಬಗ್ಗಿಸಿ ನೋಡಿದಳು. ಪಾದ ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ, ಆದರೆ ಪೆಡಲ್ ತಿರುಗುತ್ತಿತ್ತು. ತಿರುಗುತ್ತಿದ್ದರೆ ಸಾಕು ಎಂದುಕೊಂಡು ತಲೆ ಎತ್ತಿದಳು. ಆಮೇಲೆ ಕೆಳಗೆ ನೋಡಲಿಲ್ಲ, ಹಿಂದೆಯೂ ನೋಡಲಿಲ್ಲ.

ಬಬಲೇಶ್ವರದಲ್ಲಿ ಅಂದು ಸಂತೆ. ಚೀಲ ಹಿಡಿದವರು, ಕೋಳಿ ಹಿಡಿದವರು, ಎಲ್ಲರೂ ರಸ್ತೆಯ ಎರಡೂ ಬದಿ ನಿಂತಿದ್ದರು. ದೂರದಲ್ಲಿ ಒಂದೇ ಸೈಕಲ್ ಕಂಡಿತು. ಅದರ ಹಿಂದೆ ರಸ್ತೆ ಖಾಲಿ. ಹನಮವ್ವ ಮೊದಲು ಗುರುತು ಹಿಡಿಯಲಿಲ್ಲ; ಹಿಡಿದ ಮೇಲೆ ಬಾಯಿಗೆ ಸೆರಗು ಒತ್ತಿಕೊಂಡಳು. ಗೌತಮಿ ಗೆರೆ ದಾಟಿದಳು, ಎರಡೂ ಕೈ ಮೇಲೆತ್ತಿದಳು, ಸೈಕಲ್ ನಿಲ್ಲಿಸಲು ಹೋಗಿ ಎಡಗಾಲು ಊರಲಾಗದೆ ಸೈಕಲ್ ಸಮೇತ ಪಕ್ಕಕ್ಕೆ ಬಿದ್ದಳು. ಜನ ಗಾಬರಿಯಾಗಿ ಓಡಿಬಂದರೆ, ನೆಲದ ಮೇಲೆ ಮಲಗಿ ನಗುತ್ತಿದ್ದಳು.

ಒಂದೂವರೆ ನಿಮಿಷದ ಮೇಲೆ ಶಾಂಭವಿ ಬಂದಳು, ಒಬ್ಬಳೇ. ಉಳಿದವರನ್ನು ಬಿಟ್ಟು ಕೊನೆಗೆ ಅಟ್ಟಿಸಿಕೊಂಡು ಬಂದಿದ್ದಳು. ಸೈಕಲ್ ಎಸೆದು ಗೌತಮಿಯ ಪಕ್ಕದಲ್ಲೇ ಕುಸಿದು ಕೂತಳು.

“ತಿರುವಿನ್ಯಾಗ ಹೋಗ್ತಿ ಅಂತ ನನಗ ಗೊತ್ತಿತ್ತು.”

“ಗೊತ್ತಿದ್ದು ಯಾಕ ಬರಲಿಲ್ಲ?”

“ಬರಾಕ ಕಾಲ ಬೇಕಲ್ಲೇ,” ಎಂದು ಶಾಂಭವಿ ಅವಳ ತಲೆಯ ಮೇಲೆ ತನ್ನ ಬಾಟಲಿಯ ನೀರು ಸುರಿದಳು. ರಾಷ್ಟ್ರ ಸ್ಪರ್ಧೆಯ ತಂಡಕ್ಕೆ ಇಬ್ಬರ ಹೆಸರೂ ಹೋಯಿತು. ಗುರುಪಾದಯ್ಯನವರು ಬಂದು, ಬಿದ್ದ ಸೈಕಲ್ಲನ್ನು ಎತ್ತಿ ಅದರ ಹ್ಯಾಂಡಲ್ ನೆಟ್ಟಗೆ ಮಾಡುತ್ತ ನಿಂತರು.

ಪದಕ ಕೊಟ್ಟದ್ದಾಯಿತು, ಫೋಟೋ ತೆಗೆದದ್ದಾಯಿತು. ಮಮದಾಪುರದ ಕಡೆ ಹೊರಟ ಜೀಪಿನಲ್ಲಿ ಭಾಗಪ್ಪ, ಹನಮವ್ವ, ಮುಮತಾಜ ಹತ್ತಿ ಕೂತರು. ಸೈಕಲ್ಲನ್ನು ಮೇಲೆ ಕಟ್ಟೋಣ ಎಂದ ಡ್ರೈವರ್ ಪರಸಪ್ಪ. ಗೌತಮಿ ಪಾದ ಒದರಿ ನೋಡಿದಳು, ಜೋಮು ಬಿಟ್ಟಿತ್ತು. “ಬ್ಯಾಡ ಕಾಕಾ, ನಾ ಇದರ ಮ್ಯಾಲ ಬರ್ತೇನಿ,” ಎಂದಳು.

ಊರು ದಾಟಿದ ಮೇಲೆ ಭಾಗಪ್ಪ ಮುಂದಕ್ಕೆ ಬಾಗಿದ. “ಪರಸಪ್ಪಾ, ಸಾವಕಾಶ ನಡಸೋ. ಹುಡುಗಿ ಹಿಂದ ಬರಾಕತ್ತಾಳ.”

“ಎಲ್ಲಿ ಹಿಂದ?” ಎಂದ ಪರಸಪ್ಪ. “ಆಗಳೆ ಮುಂದ ಹೋಗ್ಯಾಳ ನೋಡು.”